ಒಳ್ಳೆಯ ಮನೆ ಬೇಕಾಗಿದೆ

ನನಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನೇ. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರಲಿಲ್ಲ, ಏನು ಮಾಡಲಿ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಹೊರಗೆಳೆಯಬಲ್ಲೆ. ಒಮ್ಮೆ ಸಾಹೇಬರ ಕಂಪ್ಯೂಟರ್ ಕೆಟ್ಟು ನಿಂತಾಗ ಅದನ್ನು ಆರಿಸಿ ಮತ್ತೆ ಹಾಕಿ ಸರಿಮಾಡಿದ್ದೆ. ಇಷ್ಟರ ಮೇಲೆ ನಾನು ಕಟ್ಟಿಕೊಂಡ ಕೀರ್ತಿ ಎಂಥದೆಂದರೆ, ನೆಂಟರ ಮನೆಗಳಲ್ಲಿ ಟಿವಿ ರಿಮೋಟಿನ ಸೆಲ್ ಮುಗಿದರೂ ನನಗೇ ಫೋನ್ ಬರುತ್ತಿತ್ತು.

ನನ್ನ ಹೆಂಡತಿ ಪಶುವೈದ್ಯೆ. ಬೀದಿಯವರೆಲ್ಲ ಅವಳನ್ನು ಡಾಕ್ಟರಮ್ಮ ಎನ್ನುತ್ತಾರೆ. ನನ್ನನ್ನು ಡಾಕ್ಟರಮ್ಮನ ಯಜಮಾನರು ಎನ್ನುತ್ತಾರೆ. ಅವಳ ಕ್ಲಿನಿಕ್ಕಿನ ಹಿಂದೆ ತಗಡಿನ ಮಾಡಿನ ಒಂದು ಶೆಡ್ ಇದೆ. ಯಾರೋ ಬಿಟ್ಟುಹೋದ, ಯಾರಿಗೂ ಬೇಡವಾದ ಪ್ರಾಣಿಗಳನ್ನು ಅಲ್ಲಿಟ್ಟು ಸಾಕಿ, ಅವುಗಳ ಫೋಟೊ ಮತ್ತು ಗುಣವಿಶೇಷಗಳನ್ನು ಕ್ಲಿನಿಕ್ಕಿನ ವೆಬ್‌ಸೈಟಿನಲ್ಲಿ ಹಾಕಿ, ಒಬ್ಬೊಬ್ಬರಿಗೂ ಒಂದೊಂದು ಮನೆ ಹುಡುಕಿಕೊಡುವುದು ಅವಳ ರೂಢಿ. ಈಗ ಅಲ್ಲಿ ಇದ್ದದ್ದು ಒಂದು ಬೆಕ್ಕಿನ ಮರಿ, ಒಂದು ಗಿಳಿ, ಮತ್ತು ತಾತ.

ತಾತ ಎಂದರೆ ನಾಯಿ. ಮೂತಿಯೆಲ್ಲ ನರೆತು, ಹಿಂಗಾಲು ಹಿಡಿದುಕೊಂಡು, ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿಗೆ ನಿಧಾನವಾಗಿ ತನ್ನನ್ನು ಸಾಗಿಸಿಕೊಂಡು ಹೋಗಿ ಮಲಗುವುದೇ ಅದರ ದಿನಚರಿ. ಕಟ್ಟಡದ ಓನರ್ ಹೊಸ ಕಾರು ತಂದಿದ್ದರು. ಕಾರಿಗೆ ನೆರಳು ಬೇಕಿತ್ತು. ತಿಂಗಳ ಕೊನೆಯೊಳಗೆ ಶೆಡ್ ಬಿಟ್ಟುಕೊಡಿ ಎಂದು ನಯವಾಗಿಯೇ ಹೇಳಿದ್ದರು. ಮರಿಯ ಬಗ್ಗೆ, ಗಿಳಿಯ ಬಗ್ಗೆ ಚಿಂತೆ ಇರಲಿಲ್ಲ. ಅವು ಹೇಗೋ ಯಾರ ಮನೆಯನ್ನೋ ಸೇರಿಕೊಳ್ಳುತ್ತವೆ. ಆದರೆ ಮುದಿ ನಾಯಿಯನ್ನು ಯಾರು ಒಯ್ಯುತ್ತಾರೆ? ಒಯ್ಯದಿದ್ದರೆ ಊರಾಚೆಯ ದೊಡ್ಡ ನಾಯಿಕೊಟ್ಟಿಗೆಗೆ ಕಳಿಸಬೇಕು. "ಅಲ್ಲಿ ಇದು ಬಾಳೋದಿಲ್ಲ ರೀ" ಎಂದಳು ನನ್ನ ಹೆಂಡತಿ. ಕೈ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು. ಅವಳು ಹಾಗೆ ತಿರುಗದೆ ಮಾತಾಡಿದರೆ ಅಳು ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ನಮ್ಮ ಮನೆಗೇ ತರೋಣವೆಂದರೆ ಅದು ಬಾಡಿಗೆ ಮನೆ, ಪ್ರಾಣಿಗಳನ್ನು ಸಾಕಕೂಡದೆಂಬ ಷರತ್ತಿದೆ. ನನ್ನನ್ನು ಹೇಗೆ ಒಳಗೆ ಬಿಟ್ಟರೋ ತಿಳಿಯದು.

ಇಷ್ಟರಲ್ಲಿ ಮೇಲಿನ ಮನೆಯ ಮೇಷ್ಟ್ರು, ಕ್ಲಿನಿಕ್ಕಿನ ವೆಬ್‌ಸೈಟ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು ಎಂದು ಮೆಟ್ಟಿಲ ಮೇಲೆ ದೂರು ಹೇಳಿದರು. ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ನಾನು, "ಒಳಗೆ ಕೋಡ್ ಗಲೀಜಾಗಿದೆ ಮೇಷ್ಟ್ರೇ, ಕ್ಲೀನ್ ಮಾಡಬೇಕು" ಎಂದೆ. ಆ ಮಾತನ್ನು ಯಾವುದೋ ವಿಡಿಯೊದಲ್ಲಿ ಕೇಳಿದ್ದೆ. ಹಿಂದೆ ನಿಂತಿದ್ದ ಹೆಂಡತಿಗೂ ಅದು ಕೇಳಿಸಿತು. ವೆಬ್‌ಸೈಟ್ ನಿಧಾನವಾದ್ದರಿಂದಲೇ ಜನ ತಾತನ ತನಕ ಕಾಯದೆ ಹೋಗುತ್ತಿದ್ದಾರೋ ಏನೋ, ಹಾಗಿದ್ದರೆ ನೀವೇ ಸರಿಮಾಡಿಕೊಡಿ ಎಂದಳು. ಅವಳ ಕಣ್ಣಿನಲ್ಲಿ ನನ್ನ ಬಗ್ಗೆ ಅಪರೂಪದ ಒಂದು ಆಸೆ ಕಂಡಿತು. ಅದನ್ನು ಕಂಡ ಮೇಲೆ ಹಿಂದೆ ಸರಿಯುವುದು ಹೇಗೆ?

ಮೊದಲು ತಕ್ಕ ಸಾಫ್ಟ್‌ವೇರ್ ಆರಿಸಬೇಕಿತ್ತು. ಶನಿವಾರ ರಜೆ ಹಾಕಿ ಕುಳಿತೆ. ಒಂದು ವಿಡಿಯೊದಲ್ಲಿ ಹೊಗಳಿದ ಸಾಫ್ಟ್‌ವೇರನ್ನು ಮುಂದಿನ ವಿಡಿಯೊದವನು ತಿಪ್ಪೆಗೆ ಎಸೆಯಿರಿ ಎನ್ನುತ್ತಿದ್ದ. ಅವನು ಹೊಗಳಿದ್ದನ್ನು ಮೂರನೆಯವನು ಹಳಿಯುತ್ತಿದ್ದ. ಕೊನೆಗೆ ನಾನೇ ಪರೀಕ್ಷಿಸಿ ನೋಡಿದೆ. ಮೊದಲನೆಯದರಲ್ಲಿ ಎಲ್ಲವನ್ನೂ ಮೌಸಿನಿಂದ ಹಿಡಿದೆಳೆದು ಬೇಕಾದಲ್ಲಿ ಇಡಬಹುದಿತ್ತು. ನಾನು ಹೆಂಡತಿಯ ಫೋಟೊವನ್ನು ಹಿಡಿದೆಳೆದೆ, ಅದು ಪರದೆಯ ಅಂಚು ದಾಟಿ ಎಲ್ಲಿಗೋ ಹೋಯಿತು, ಕರೆದರೂ ಬರಲಿಲ್ಲ. ಎರಡನೆಯದು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿತು. ನಿಮ್ಮ ಗ್ರಾಹಕರ ಕನಸುಗಳೇನು ಎಂದಿತು. ನಮ್ಮ ಗ್ರಾಹಕರು ನಿದ್ದೆಯಲ್ಲಿ ಕಾಲು ಆಡಿಸುವುದನ್ನು ನೋಡಿದ್ದೇನೆ, ಕನಸಿನ ವಿವರ ಯಾರೂ ಹೇಳಿಲ್ಲ. ಮೂರನೆಯದು ಪರಿಣತರು ಬಳಸುವಂಥದು. ತೆರೆದ ಕೂಡಲೇ ಕಪ್ಪು ಪರದೆ, ಅದರ ತುಂಬ ಬಣ್ಣಬಣ್ಣದ ಅಕ್ಷರ. ತಲೆಬುಡ ಅರ್ಥವಾಗಲಿಲ್ಲವಾದ್ದರಿಂದ ನನಗೆ ಅದರ ಮೇಲೆ ತಕ್ಷಣ ಗೌರವ ಹುಟ್ಟಿತು. ಅದನ್ನೇ ಆರಿಸಿದೆ.

ಅದರಲ್ಲಿ ನಮ್ಮ ವೆಬ್‌ಸೈಟಿನ ಒಳಭಾಗ ನೋಡಿದರೆ, ಕಳ್ಳನೊಬ್ಬ ಅವಸರದಲ್ಲಿ ಬೀರು ಜಾಲಾಡಿ ಹೋದ ಹಾಗಿತ್ತು. ಹಿಂದೆ ಅದನ್ನು ಮಾಡಿಕೊಟ್ಟವನು ಎಲ್ಲಿ ಏನು ತೋಚಿತೋ ಅಲ್ಲಿ ಅದನ್ನು ತುರುಕಿದ್ದ. ನನಗೆ ಅರ್ಥವಾದದ್ದು ಇಷ್ಟು: ಫೋಟೊಗಳದು ಒಂದು ಸಾಲು, ಅದರ ಕೆಳಗೆ ವಿವರಗಳದು ಇನ್ನೊಂದು ಸಾಲು. ಮೊದಲು ಡಾಕ್ಟರಮ್ಮ, ಆಮೇಲೆ ಕಾಂಪೌಂಡರ್, ಆಮೇಲೆ ತಾತ, ಬೆಕ್ಕಿನ ಮರಿ, ಗಿಳಿ. ಕಾಂಪೌಂಡರ್ ಮತ್ತು ತಾತನ ನಡುವೆ ಎರಡೂ ಸಾಲಿನಲ್ಲಿ ಒಂದೊಂದು ಗೂಡು ಹೆಚ್ಚಿಗೆ ಮಾಡಿ ನನ್ನದೂ ಒಂದು ಫೋಟೊ ಸೇರಿಸಿದೆ. ಇಷ್ಟು ದುಡಿಯುವವನಿಗೆ ಅಷ್ಟೂ ಬೇಡವೇ? ಫೋಟೊದ ಕೆಳಗೆ ಏನು ಬರೆಯುವುದೆಂದು ಮಾತ್ರ ಹೊಳೆಯಲಿಲ್ಲ. ತಂತ್ರಜ್ಞಾನ ಮುಖ್ಯಸ್ಥ ಎನ್ನುವುದೋ, ಹಿರಿಯ ತಾಂತ್ರಿಕ ಸಲಹೆಗಾರ ಎನ್ನುವುದೋ? ನಿಧಾನವಾಗಿ ಯೋಚಿಸೋಣವೆಂದು ಆ ಜಾಗವನ್ನು ಖಾಲಿ ಬಿಟ್ಟೆ.

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪೊರಕೆಯ ಚಿತ್ರವಿತ್ತು. ಆ ಇಡೀ ಸಾಫ್ಟ್‌ವೇರಿನಲ್ಲಿ ನನಗೆ ಪರಿಚಯವಿದ್ದ ವಸ್ತು ಅದೊಂದೇ. ಒತ್ತಿದೆ. ಅನಗತ್ಯವಾದ ಖಾಲಿ ಜಾಗ ಸಿಕ್ಕಿದೆ, ತೆಗೆಯಲೇ ಎಂದು ಕೇಳಿತು. ಅನಗತ್ಯವಾದದ್ದು ಎಂದ ಮೇಲೆ ಕೇಳುವುದೇನು, ತೆಗೆ ಎಂದೆ.

ಆಗ ಆದದ್ದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ನನಗೆ ತಿಳಿದದ್ದು ತಡವಾಗಿ. ಬೆಂಚಿನ ಮೇಲೆ ಒಬ್ಬ ಎದ್ದುಹೋದರೆ ಉಳಿದವರು ಸರಿದು ಕೂರುವಂತೆ, ನನ್ನ ಖಾಲಿ ಗೂಡು ಹೋದದ್ದೇ ತಡ, ಆಚೆಯ ವಿವರಗಳೆಲ್ಲ ಒಂದೊಂದು ಹೆಜ್ಜೆ ಈಚೆಗೆ ಸರಿದವು. ಗಿಳಿಯ ವಿವರ ಬೆಕ್ಕಿನ ಮರಿಯ ಕೆಳಗೆ ಬಂತು. ಮರಿಯ ವಿವರ ತಾತನ ಕೆಳಗೆ ಬಂತು. ತಾತನ ವಿವರ, ಕೋಟು ಹಾಕಿಕೊಂಡು ಸ್ಟುಡಿಯೊದಲ್ಲಿ ತೆಗೆಸಿಕೊಂಡ ನನ್ನ ಫೋಟೊದ ಕೆಳಗೆ ಬಂದು ಕೂತಿತು. ನನ್ನ ಹೆಂಡತಿ ಮನಸ್ಸಿಟ್ಟು ಬರೆದ ವಿವರ ಅದು:

'ವಯಸ್ಸಾಗಿದೆ. ಕಿವಿ ಸ್ವಲ್ಪ ಮಂದ. ಓಡಾಟ ಕಡಿಮೆ, ಹೆಚ್ಚು ಹೊತ್ತು ನಿದ್ದೆ. ಹೊತ್ತಿಗೆ ಸರಿಯಾಗಿ ಊಟ ಹಾಕಿದರೆ ಬೇರೇನೂ ಕೇಳುವುದಿಲ್ಲ. ಒಮ್ಮೊಮ್ಮೆ ಕಾರಣವಿಲ್ಲದೆ ಗುರುಗುಟ್ಟುವುದುಂಟು, ಹೆದರಬೇಡಿ, ಕಚ್ಚುವುದಿಲ್ಲ. ನಮ್ಮಲ್ಲಿ ಇಟ್ಟುಕೊಳ್ಳಲು ಇನ್ನು ಸಾಧ್ಯವಿಲ್ಲ. ತಿಂಗಳ ಕೊನೆಯೊಳಗೆ ಒಂದು ಒಳ್ಳೆಯ ಮನೆ ಬೇಕಾಗಿದೆ.'

ನಾನು ಇದನ್ನು ನೋಡಲಿಲ್ಲ. ವೆಬ್‌ಸೈಟ್ ಚಿಟಿಕೆ ಹೊಡೆಯುವುದರೊಳಗೆ ತೆರೆದುಕೊಂಡಿತು. ಮೇಲೆ ಡಾಕ್ಟರಮ್ಮನ ಫೋಟೊ ಡಾಕ್ಟರಮ್ಮನ ವಿವರದೊಂದಿಗೆ ನೆಟ್ಟಗಿತ್ತು. ಅಷ್ಟಕ್ಕೇ ಹಿಗ್ಗಿ, ನೆಂಟರಿಗೆ, ಬೀದಿಯವರಿಗೆ, ಕಚೇರಿಯವರಿಗೆ, 'ನಾನು ಹೊಸದಾಗಿ ಸಿದ್ಧಪಡಿಸಿದ್ದೇನೆ, ತಪ್ಪದೆ ನೋಡಿ' ಎಂದು ಕಳಿಸಿದೆ. ಹೆಂಡತಿ ನೋಡಲಿಲ್ಲ. ನೀವು ಮಾಡಿದ ಮೇಲೆ ಸರಿಯಾಗಿಯೇ ಇರುತ್ತದೆ ಎಂದಳು. ನನ್ನ ವಿಷಯದಲ್ಲಿ ಅವಳು ಮಾಡಿದ ಮೊದಲ ತಪ್ಪು ಮದುವೆ, ಎರಡನೆಯದು ಇದು.

ಸೋಮವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ಮೇಷ್ಟ್ರು ಎದುರಾದರು. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. ನನ್ನ ಕೆಲಸ ಇಷ್ಟು ಮನಸ್ಸಿಗೆ ತಟ್ಟಿದೆಯೇ ಎಂದು ನಾನೂ ಕರಗಿದೆ.

"ಡಾಕ್ಟರಮ್ಮ ಹೀಗೆ ಮಾಡಬಾರದಿತ್ತು" ಎಂದರು.

"ಅವಳದೇನೂ ಇಲ್ಲ ಮೇಷ್ಟ್ರೇ, ಎಲ್ಲ ನಾನೇ ಕೂತು ಮಾಡಿದ್ದು."

"ನೀವೇ?"

"ಎಷ್ಟು ದಿನ ಅಂತ ಹಾಗೇ ಇಟ್ಕೊಳ್ಳೋದು ಹೇಳಿ. ಅವಳಿಗೂ ತೊಂದರೆ, ನೋಡೋರಿಗೂ ತೊಂದರೆ. ಒಂದು ಸಲ ಕ್ಲೀನ್ ಆಗಿಬಿಟ್ರೆ ಎಲ್ಲರಿಗೂ ನೆಮ್ಮದಿ."

ಮೇಷ್ಟ್ರು ನನ್ನನ್ನು ತ್ಯಾಗಮೂರ್ತಿಯನ್ನು ನೋಡುವಂತೆ ನೋಡಿ, ಗೋಡೆ ಹಿಡಿದುಕೊಂಡು ಮೇಲೆ ಹತ್ತಿದರು.

ಕಚೇರಿಯಲ್ಲಿ ಅಂದು ನನಗೆ ಸಿಕ್ಕ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಕ್ಯಾಷ್ ಕೌಂಟರಿನ ಮೇಡಂ ತಮ್ಮ ಡಬ್ಬಿಯ ಊಟದಲ್ಲಿ ಅರ್ಧವನ್ನು ಬೆಳಿಗ್ಗೆಯೇ ನನ್ನ ಮೇಜಿನ ಮೇಲಿಟ್ಟು, ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಹೇಳಿಹೋದರು. ಎಲ್ಲರೂ ನನ್ನೊಡನೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ನಾನೊಮ್ಮೆ ಗಂಟಲು ಸರಿಮಾಡಿಕೊಂಡದ್ದಕ್ಕೆ ಪಕ್ಕದ ಮೇಜಿನವನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ಸಾಹೇಬರು ಒಳಗೆ ಕರೆಸಿದರು. ಕೂರಿ ಎಂದರು. ಸಾಹೇಬರು ನನಗೆ ಕೂರಿ ಎಂದದ್ದು ಅದೇ ಮೊದಲು.

"ನೋಡಿ, ಹಳೇ ಕಾಗದಪತ್ರ ಇಡೋ ಕೋಣೆ ಇದೆಯಲ್ಲ, ಅದನ್ನ ನಿಮಗೆ ಬಿಡಿಸಿಕೊಡೋಣ ಅಂತ ಯೋಚನೆ ಮಾಡಿದೀನಿ."

ನನಗೊಂದು ಕೋಣೆ! ವೆಬ್‌ಸೈಟ್ ನೋಡಿದ ಮೇಲೆ ಕಂಪ್ಯೂಟರ್ ವಿಭಾಗವನ್ನೇ ತೆರೆಯುತ್ತಿದ್ದಾರೆ ಎಂದು ಎದೆ ಉಬ್ಬಿತು. ವಿನಯ ಬಿಡದೆ, ಕಂಪ್ಯೂಟರ್ ಹೊಸದು ಬರುತ್ತದೆಯೇ ಎಂದು ಕೇಳಿದೆ.

"ಸದ್ಯಕ್ಕೆ ಹಾಸಿಗೆ ಹಾಕಿಸ್ತೀನಿ" ಎಂದರು ಸಾಹೇಬರು. "ಬಚ್ಚಲು ಪಕ್ಕದಲ್ಲೇ ಇದೆ. ಇನ್ನೊಂದು ಮನೆ ಸಿಗೋ ತನಕ ಇರಿ. ಮೇಲಿನವರಿಗೆ ನಾನು ಹೇಳ್ಕೋತೀನಿ."

ಇಬ್ಬರೂ ಒಂದೇ ವಿಷಯ ಮಾತಾಡುತ್ತಿಲ್ಲ ಎಂಬ ಅನುಮಾನ ನನಗೆ ಆಗ ಬಂತು. ಸಾಹೇಬರು ತಮ್ಮ ಫೋನನ್ನು ನನ್ನ ಮುಂದೆ ಸರಿಸಿದರು. ಕೋಟು ಹಾಕಿದ ನನ್ನ ಮುಖ, ಅದರ ಕೆಳಗೆ ಒಂದೊಂದೇ ಸಾಲು. ಕೊನೆಯ ಸಾಲಿನ ತನಕ ಓದಿದೆ. ಇದು ನಾಯಿಯದು ಸಾರ್ ಎಂದೆ. ಸಾಹೇಬರು ಕನಿಕರದಿಂದ, ನಮ್ಮನ್ನು ನಾವು ಅಷ್ಟು ಕೀಳಾಗಿ ಕಾಣಬಾರದು ಎಂದು ಬುದ್ಧಿ ಹೇಳಿದರು.

ಅವಮಾನಕ್ಕಿಂತ ನೋವು ಕೊಟ್ಟದ್ದು ಇನ್ನೊಂದು. ಎಷ್ಟೊಂದು ಜನ ಅದನ್ನು ಓದಿದ್ದರು, ಒಬ್ಬರಿಗೂ ಎಲ್ಲೋ ತಪ್ಪಾಗಿದೆ ಎಂದು ಅನ್ನಿಸಿರಲಿಲ್ಲ. ವಯಸ್ಸು, ಕಿವಿ, ನಿದ್ದೆ, ಊಟ, ಗುರುಗುಟ್ಟುವುದು, ಎಲ್ಲವನ್ನೂ ಸರಿ ಸರಿ ಎಂದು ತಲೆಯಾಡಿಸಿಕೊಂಡೇ ಓದಿದ್ದರು.

ಹೆಂಡತಿಗೆ ತಿಳಿಯುವ ಮುಂಚೆ ಸರಿಮಾಡಬೇಕೆಂದು ಕಚೇರಿಯ ಕಂಪ್ಯೂಟರಿನಲ್ಲೇ ಕೈಹಾಕಿದೆ. ಖಾಲಿ ಜಾಗವನ್ನು ಮತ್ತೆ ತರುವುದು ಹೇಗೆ ಎಂದು ಪೊರಕೆಗೆ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ. ಹೋಗಲಿ, ನನ್ನ ಫೋಟೊವನ್ನಾದರೂ ಸಣ್ಣದು ಮಾಡಿ ಯಾರ ಕಣ್ಣಿಗೂ ಬೀಳದಂತೆ ಮಾಡೋಣವೆಂದು ಅಂಕಿ ತಿದ್ದಿದೆ. ಎಲ್ಲೋ ಒಂದು ಸೊನ್ನೆ ಹೆಚ್ಚಿಗೆ ಬಿತ್ತು. ನನ್ನ ಮುಖ ಉಬ್ಬಿ ಉಬ್ಬಿ ಪರದೆಯ ಈ ಅಂಚಿನಿಂದ ಆ ಅಂಚಿಗೆ ತುಂಬಿತು. ಅದರ ಜೊತೆಗೆ ಕೆಳಗಿನ ಅಕ್ಷರಗಳೂ ಅಂಗಡಿ ಬೋರ್ಡಿನಷ್ಟಾದವು. ಈಗ ಕನ್ನಡಕ ಹಾಕದವರೂ ಓದಬಹುದಾಗಿತ್ತು. ನಾನು ಅರ್ಧ ದಿನ ರಜೆ ಬರೆದುಕೊಟ್ಟು ಕ್ಲಿನಿಕ್ಕಿಗೆ ಓಡಿದೆ.

ಅಲ್ಲಿ ಜಾತ್ರೆ. ಶೆಡ್ಡಿನ ಮುಂದೆ ಒಂದು ಗುಂಪು ಬೆಕ್ಕಿನ ಮರಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು ಅದರ ಬಾಯನ್ನೇ ನೋಡುತ್ತ ನಿಂತಿತ್ತು. ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕರೆಯುತ್ತದೆ, ಬೈಗುಳ ಬೇಗ ಕಲಿಯುತ್ತದೆ ಎಂದು ಅದರ ಕೆಳಗೆ ಬರೆದಿತ್ತಲ್ಲ. ದರ್ಜಿಯೊಬ್ಬ ಗಂಟಲು ಸರಿಪಡಿಸಿಕೊಂಡು ಮರಿಗೆ ತನ್ನ ಹೆಸರು ಹೇಳಿಕೊಡುತ್ತಿದ್ದ. ಮರಿ ಆಕಳಿಸಿತು. ಅರ್ಧ ಹೇಳಿತು ನೋಡಿ ಎಂದು ಒಬ್ಬರು ಸಾಕ್ಷಿ ನುಡಿದರು. ಹಿಂದೆ ಗಿಳಿ ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತಿತ್ತು, ಅದರ ಕೆಳಗೆ ಏನೂ ಬರೆದಿರಲಿಲ್ಲವಾದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ತಾತನ ಮುಂದೆ ಒಬ್ಬ ಹೆಂಗಸು ಹತ್ತಿ ಹಾಸಿದ ಪುಟ್ಟ ಬುಟ್ಟಿ ಹಿಡಿದು ನಿಂತಿದ್ದಳು. ಮುಂಗೈಯುದ್ದವೂ ಇಲ್ಲದ ಆ ಬುಟ್ಟಿಯನ್ನೂ ನಾಯಿಯನ್ನೂ ಮತ್ತೆ ಮತ್ತೆ ನೋಡಿ, "ಎರಡು ತಿಂಗಳ ಮರಿ, ಅಂಗೈಯಲ್ಲಿ ಹಿಡಿಸುತ್ತೆ ಅಂತ ಹಾಕಿದ್ರಿ" ಎಂದು ಕಾಂಪೌಂಡರನ್ನು ಕೇಳಿದಳು. ಮೋಸ ಎಂದು ಗೊಣಗುತ್ತ ಹೋದಳು. ಬೆಳಗಿನಿಂದ ಹೀಗೆಯೇ ಎಂದು ಕಾಂಪೌಂಡರ್ ಹೇಳಿದ. ಬಂದವರೆಲ್ಲ ತಾತನನ್ನು ಒಮ್ಮೆ ನೋಡಿ, ಮುಖ ಸಿಂಡರಿಸಿ, ತಿರುಗಿ ಹೋದರಂತೆ. ತಾತ ಮಾತ್ರ ಬಂದ ಪ್ರತಿಯೊಬ್ಬರಿಗೂ ಕಷ್ಟಪಟ್ಟು ಎದ್ದು ನಿಂತಿತ್ತಂತೆ. ಅದನ್ನು ಕೇಳಿ ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಮುಖ ಊರಿಗೆಲ್ಲ ಬೋರ್ಡಾದದ್ದಕ್ಕೂ ಅಷ್ಟು ಆಗಿರಲಿಲ್ಲ. ಆ ನಾಯಿಗಿದ್ದದ್ದು ತಿಂಗಳ ಕೊನೆಯವರೆಗಿನ ಅವಕಾಶ ಒಂದೇ, ಅದನ್ನು ನಾನು ಪೊರಕೆಯಲ್ಲಿ ಗುಡಿಸಿ ಹಾಕಿದ್ದೆ.

ನನ್ನ ಹೆಂಡತಿ ಬೆಳಗಿನಿಂದ ಹೊರಗೆ ಬರಲು ಬಿಡುವಿಲ್ಲದೆ ಒಳಗೆ ಒಂದು ಮೇಕೆಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಹೇಳಿಬಿಡಬೇಕೆಂದು ನಾನು ಬಾಗಿಲ ತನಕ ಹೋಗುವಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಇಳಿದವಳು ನನ್ನ ಅಕ್ಕ.

ಅಕ್ಕ ಹೊಲಿಗೆ ಅಂಗಡಿ ಇಟ್ಟವಳು. ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ಬಂದಿದ್ದಳು. ಕೈಯಲ್ಲಿ ಖಾಲಿ ಸೂಟ್‌ಕೇಸು. ನನ್ನ ಕಡೆ ಒಮ್ಮೆ ನೋಡಿ, ಇಳಿದುಹೋಗಿದ್ದೀಯ ಎಂದು ಹೇಳಿ, ನೇರವಾಗಿ ಒಳಗೆ ನುಗ್ಗಿದಳು. ಮೇಕೆ ಹೆದರಿ ಗೋಡೆಗೆ ಒತ್ತಿಕೊಂಡಿತು.

"ಏನಮ್ಮಾ, ಬೇಡ ಅಂದ್ರೆ ನನಗೊಂದು ಮಾತು ಹೇಳಬಾರದಿತ್ತಾ? ಊರಿಗೆಲ್ಲ ಸಾರಬೇಕಿತ್ತಾ?"

"ಏನು ಬೇಡ ಅತ್ತಿಗೆ?"

"ಇವನು. ಗುರುಗುಟ್ಟುತ್ತಾನೆ, ಒಪ್ಕೋತೀನಿ. ಚಿಕ್ಕೋನಿದ್ದಾಗಿಂದ ಹಾಗೇನೇ. ಆದ್ರೆ ಕಚ್ಚೋದಿಲ್ಲ ಅಂತ ಬೇರೆ ಬರೀಬೇಕಿತ್ತಾ? ನಮ್ಮ ಮನೇಲಿ ಯಾರೂ ಕಚ್ಚೋರಿಲ್ಲ."

ನನ್ನ ಹೆಂಡತಿ ಅಕ್ಕ ಚಾಚಿದ ಫೋನನ್ನು ತೆಗೆದುಕೊಂಡಳು. ಪರದೆಯ ತುಂಬ ನನ್ನ ಮುಖ. ಅವಳು ಅದನ್ನು ಮೇಲಕ್ಕೆ ತಳ್ಳಿದಳು, ಇನ್ನೂ ನನ್ನ ಮುಖವೇ. ಇನ್ನೂ ತಳ್ಳಿದಳು, ಗಲ್ಲ ಬಂತು. ಕೊನೆಗೆ ವಿವರ ಬಂತು. ಓದಿದಳು. ನನ್ನ ಕಡೆ ನೋಡಿದಳು. ನಾನು ಬಾಲ ಮುದುರಿಕೊಂಡು ಪೊರಕೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು, ಮೇಕೆಯ ಬೆನ್ನಿಗೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೆ, "ಹಾಗಾದ್ರೆ ತಾತನ ವಿಷಯ ಯಾರೂ ಓದೇ ಇಲ್ಲ" ಎಂದಳು. ಆ ಮಾತಿಗೆ ನಮ್ಮಿಬ್ಬರಿಗೂ ನಗು ಬರಲಿಲ್ಲ.

ಅಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು. ಎಲ್ಲ ತಪ್ಪು ತಿಳಿವಳಿಕೆ ಎಂದು ಗೊತ್ತಾದ ಮೇಲೆ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಕೋಣೆ ತೊಳೆದಿಟ್ಟು ಬಂದಿದೀನಿ" ಎಂದಳು. "ಹೊಸ ಹೊದಿಕೆ ಹೊಲಿದೆ. ಅಂಗಡಿ ಮುಚ್ಚಿದ ಮೇಲೆ ಮನೇಲಿ ಒಂದು ಉಸಿರು ಇರುತ್ತಲ್ಲ ಅಂತ."

ನನ್ನ ಅಕ್ಕ ಒಬ್ಬಳೇ ಇರುತ್ತಾಳೆ ಎಂಬುದು ನನಗೆ ಗೊತ್ತಿದ್ದ ವಿಷಯವೇ. ರಿಮೋಟಿನ ಸೆಲ್ ಮುಗಿಯಿತೆಂದು ಅವಳು ಫೋನ್ ಮಾಡಿದಾಗಲೆಲ್ಲ, ಸೆಲ್ ಹಾಕುವುದು ಹೇಗೆಂದು ವಿವರವಾಗಿ ಹೇಳಿ ಇಟ್ಟುಬಿಡುತ್ತಿದ್ದೆ. ಈಗ ಅವಳ ಕೈಯಿಂದ ಖಾಲಿ ಸೂಟ್‌ಕೇಸನ್ನು ತೆಗೆದುಕೊಂಡೆ.

ಅವಳು ನನ್ನ ಹೆಂಡತಿಯನ್ನು ಕೇಳಿದಳು, ಹಾಗಾದರೆ ಅಲ್ಲಿ ಬರೆದದ್ದು ಯಾರ ವಿಷಯ? ಹೆಂಡತಿ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋದಳು. ಬೆಕ್ಕಿನ ಗುಂಪು ದಾರಿ ಬಿಟ್ಟಿತು. ತಾತ ಹಿಂಗಾಲನ್ನು ಎಳೆದುಕೊಂಡು ಎದ್ದು ನಿಂತಿತು. ಅಕ್ಕ ಅದನ್ನು ತಲೆಯಿಂದ ಬಾಲದವರೆಗೆ, ಅಂಗಿಗೆ ಅಳತೆ ತೆಗೆದುಕೊಳ್ಳುವವಳ ಹಾಗೆ ನೋಡಿದಳು.

"ಇದಕ್ಕೆ ಎದುರು ಮಾತಾಡೋ ಅಭ್ಯಾಸ ಇದೆಯಾ?"

"ಇಲ್ಲ ಅತ್ತಿಗೆ."

"ಎಲ್ಲ ನನಗೆ ಗೊತ್ತು ಅನ್ನೋದು?"

"ಅದೂ ಇಲ್ಲ."

"ಕರೆದ್ರೆ ಬರುತ್ತಾ?"

"ನಿಧಾನ. ಆದ್ರೆ ಬರುತ್ತೆ."

ಅಕ್ಕ ನನ್ನನ್ನೊಮ್ಮೆ ನೋಡಿದಳು, ನಾಯಿಯನ್ನೊಮ್ಮೆ ನೋಡಿದಳು. ನಿರ್ಧಾರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ತಾತನನ್ನು ನಾನೂ ಕಾಂಪೌಂಡರೂ ಎತ್ತಿ ಆಟೋದ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅದರ ಔಷಧಿ, ತಟ್ಟೆ, ಹಾಸುವ ಗೋಣಿ ಎಲ್ಲವೂ ಸೂಟ್‌ಕೇಸಿಗೆ ಹೋದವು. ನನ್ನ ಹೆಂಡತಿ ತಾತನ ಕಿವಿಯ ಹತ್ತಿರ ಬಾಗಿ ಏನೋ ಹೇಳಿ, ಈ ಸಲ ಮುಖ ತಿರುಗಿಸಿಕೊಳ್ಳದೆ ಅತ್ತಳು. ಭಾನುವಾರ ನಾನೂ ಬರುತ್ತೇನೆ ಅಕ್ಕ ಎಂದೆ. ಪ್ರತಿ ಭಾನುವಾರವೂ ಬರುತ್ತೇನೆ ಎಂದೆ.

"ಬಾ" ಎಂದಳು ಅಕ್ಕ, ತಾತನ ತಲೆಯನ್ನು ತನ್ನ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಳ್ಳುತ್ತ. "ಊಟಕ್ಕೇ ಬಾ. ಮೊದಲು ಇದಕ್ಕೆ ಹಾಕ್ತೀನಿ, ಆಮೇಲೆ ನಿನಗೆ."